ಅರ್ಧ ಮಾತ್ರೆ

ಬಿಜೂರಿನ ಆಶಾ ಕಾರ್ಯಕರ್ತೆ ಜಲಜಳ ಹೆಗಲಚೀಲದಲ್ಲಿ ಊರಿಗೆಲ್ಲ ಹಂಚುವ ಮಾತ್ರೆಗಳಿದ್ದವು. ಬಸುರಿಯರಿಗೆ ಕಬ್ಬಿಣದ ಮಾತ್ರೆ, ಮಕ್ಕಳಿಗೆ ಜಂತುಹುಳದ ಮಾತ್ರೆ, ಬಿಪಿ ಇದ್ದ ಮುದುಕರಿಗೆ ಉಪಕೇಂದ್ರದಿಂದ ತಿಂಗಳಿಗೊಮ್ಮೆ ಕೊಡುವ ಮಾತ್ರೆ. ಅವೆಲ್ಲದರ ಅಡಿಯಲ್ಲಿ, ಮಡಚುವ ಕೊಡೆಯ ಕೆಳಗೆ, ಅವಳ ಹೆಸರಿಗೇ ಬರೆದುಕೊಟ್ಟ ಒಂದು ಸ್ಟ್ರಿಪ್ ಎಂಟು ದಿನದಿಂದ ಒಡೆಯದೆ ಬಿದ್ದಿತ್ತು.

ಹದಿನಾರು ವರ್ಷ ಆ ಕೆಲಸ ಮಾಡಿದವಳು ಜಲಜ. ಮಾತ್ರೆ ನುಂಗಲು ಹಟ ಮಾಡುವವರನ್ನು ಒಲಿಸುವ ಮಾತು ಅವಳಿಗೆ ಬಾಯಿಪಾಠವಾಗಿತ್ತು. "ಎಂತ ಆತಿಲ್ಲೆ, ಊಟ ಮಾಡಿ ತಕಣಿ" ಎಂದು ಎಷ್ಟು ಅಂಗಳಗಳಲ್ಲಿ ನಿಂತು ಹೇಳಿದ್ದಳೋ ಲೆಕ್ಕವಿಲ್ಲ. ಈಗ ಅದೇ ಮಾತನ್ನು ತನಗೆ ತಾನೇ ಹೇಳಿಕೊಂಡರೆ, ಪರಿಚಯವಿಲ್ಲದ ಯಾರೋ ದಾರಿಯಲ್ಲಿ ನಿಲ್ಲಿಸಿ ಹೇಳಿದ ಹಾಗೆ ಕೇಳುತ್ತಿತ್ತು.

ಹೆದರಿಕೆ ಅವಳಿಗೆ ಹೊಸತಲ್ಲ. ಹನ್ನೊಂದು ವರ್ಷದ ಹಿಂದೆ, ಈಗ ಹಾಸ್ಟೆಲಿನಲ್ಲಿರುವ ಮಗಳು ಮೋಕ್ಷಿತಾ ಇನ್ನೂ ಮೂರನೇ ಕ್ಲಾಸಿನಲ್ಲಿದ್ದಾಗ, ಬೈಂದೂರು ಪೇಟೆಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಬೆರಳು ಮರಗಟ್ಟಿ, ಇಲ್ಲೇ ಸತ್ತೆ ಅನ್ನಿಸಿತ್ತು. ಆ ವರ್ಷ ಗಂಡ ಸೋಮ ಮೂರು ಸಲ ಅವಳನ್ನು ತನ್ನ ಗೂಡ್ಸ್ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ್ದ. ಮೂರು ಸಲವೂ ಇಸಿಜಿ ಸರಿಯಾಗಿಯೇ ಬಂತು. ಒಬ್ಬರು ಗ್ಯಾಸ್ ಅಂದರು, ಇನ್ನೊಬ್ಬರು ಟೆನ್ಶನ್ ಅಂದರು, ಮೂರನೆಯವರು ಮನೋವೈದ್ಯರ ಹೆಸರು ಬರೆದುಕೊಟ್ಟರು. ಪರಿಚಯದವರ ಕಣ್ಣಿಗೆ ಬೀಳದ ಹಾಗೆ ಸೆರಗು ತಲೆಗೆಳೆದುಕೊಂಡು ಒಂದು ವರ್ಷ ಅಲ್ಲಿಗೂ ಹೋಗಿಬಂದಳು. ಅವರು ಉಸಿರು ಬಿಡುವ ಕ್ರಮ ಕಲಿಸಿದರು. ಹೆದರಿಕೆ ಏರಿದಾಗ ಮನಸ್ಸಿನಲ್ಲೇ ಹೇಳಿಕೊಳ್ಳಲು ಒಂದು ಮಾತನ್ನೂ ಕೊಟ್ಟರು: ಇದು ಹೆದರಿಕೆ ಮಾತ್ರ, ಎದೆಯಲ್ಲಿ ಏನೂ ಇಲ್ಲ, ಹತ್ತು ನಿಮಿಷದಲ್ಲಿ ಇಳಿಯುತ್ತದೆ.

ಆ ಮಾತನ್ನು ನಂಬುವುದಕ್ಕೆ ಅವಳಿಗೆ ಎರಡು ಮೂರು ವರ್ಷ ಹಿಡಿಯಿತು. ನಂಬಿದ ಮೇಲೆ ಬದುಕು ಒಂದು ಹದಕ್ಕೆ ಬಂತು. ಹೆದರಿಕೆ ಹೋಗಲಿಲ್ಲ. ಆದರೆ ಅದು ಬಂದಾಗ ಗೋಡೆ ಹಿಡಿದು ನಿಂತು, ಆ ಮಾತನ್ನು ಹೇಳಿಕೊಂಡು, ಮತ್ತೆ ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೋಗುವಷ್ಟು ಗಟ್ಟಿಯಾಗಿದ್ದಳು.

ಹೋದ ತಿಂಗಳ ಆಶಾ ಮೀಟಿಂಗಿನಲ್ಲಿ ಎಲ್ಲರ ಬಿಪಿ ನೋಡುತ್ತಿದ್ದ ಉಪಕೇಂದ್ರದ ಸಿಸ್ಟರ್, ಜಲಜಳ ಮಣಿಕಟ್ಟು ಹಿಡಿದವಳು ಬಿಡಲೇ ಇಲ್ಲ. "ಎಂತ ಅಕ್ಕಾ ಇದ್, ಲೆಕ್ಕಕ್ಕೇ ಸಿಕ್ಕುದಿಲ್ಲೆ" ಎಂದಳು. ಜಲಜ ನಕ್ಕು, ಅದು ತನಗೆ ಮೊದಲಿಂದಲೂ ಇದ್ದದ್ದೇ ಎಂದಳು. ಸಿಸ್ಟರ್ ಕೇಳಲಿಲ್ಲ; ಕುಂದಾಪುರದ ಹೃದಯದ ಡಾಕ್ಟರ್ ಸುಪ್ರೀತಾ ಅವರಲ್ಲಿಗೆ ಕಳಿಸಿಯೇ ಬಿಟ್ಟಳು. ಅವರು ಎಕೋ ಮಾಡಿಸಿ, ಎದೆಗೆ ವೈರು ಅಂಟಿಸಿ, ಸೊಂಟಕ್ಕೆ ಪುಟ್ಟ ಮೆಷಿನ್ ಕಟ್ಟಿ ಒಂದು ದಿನವಿಡೀ ಹಾಗೇ ಇರಲು ಹೇಳಿದರು. ಎದೆ ಹೊಡೆದುಕೊಂಡಂತಾದರೆ ಅದರ ಗುಂಡಿ ಒತ್ತಬೇಕು, ಅಷ್ಟೇ.

ಜಲಜ ಹನ್ನೊಂದು ಸಲ ಒತ್ತಿದಳು.

"ಇದರಲ್ಲಿ ಒಂಬತ್ತು ಸಲ ನಿಮ್ಮ ಹೃದಯ ಸರಿಯಾಗಿಯೇ ಹೊಡೆದುಕೊಂಡಿದೆ" ಎಂದು ಡಾಕ್ಟರ್ ಉದ್ದದ ಕಾಗದ ತಿರುಗಿಸಿ ತೋರಿಸಿದ್ದರು. "ಎರಡು ಸಲ ನೂರ ಎಂಬತ್ತರವರೆಗೆ ಓಡಿದೆ. ಮತ್ತೆ ಇಲ್ಲಿ ನೋಡಿ, ಬೆಳಿಗ್ಗೆ ಹತ್ತೂಕಾಲಿಗೆ, ನಾಲ್ಕು ನಿಮಿಷ ಓಡಿದೆ. ನೀವು ಒತ್ತಲೇ ಇಲ್ಲ."

ಹತ್ತೂಕಾಲಿಗೆ ಅವಳು ಒಂದು ಮನೆಯ ಜಗಲಿಯಲ್ಲಿ ಹಸುಗೂಸನ್ನು ತೂಗುತ್ತಿದ್ದಳು. ಮೂರು ಕಿಲೋ ಇನ್ನೂರು ಗ್ರಾಂ ಬಂದಿತ್ತು. ಖುಷಿಯಲ್ಲೇ ಇದ್ದಳು.

ಹೊರಗೆ ಇಪ್ಪತ್ತು ಮೂವತ್ತು ಜನ ಕಾಯುತ್ತಿದ್ದರು. ಬಡಿತ ನಿಧಾನ ಮಾಡುವ ಮಾತ್ರೆ ಬರೆದು, ತಿಂಗಳು ಬಿಟ್ಟು ಬನ್ನಿ ಎಂದು ಡಾಕ್ಟರ್ ಚೀಟಿ ಕೊಟ್ಟರು. ಜಲಜ ಏನೂ ಕೇಳದೆ ಎದ್ದು ಬಂದಳು. ಹನ್ನೊಂದು ವರ್ಷದ ಕತೆಯನ್ನು ಬಾಯಿಬಿಡಲಿಲ್ಲ. ಹೇಳಿದರೆ ಇವರೂ ಕಾಗದ ಮಡಚಿಟ್ಟು ಟೆನ್ಶನ್ ಎಂದುಬಿಟ್ಟಾರು ಎಂಬ ಅಳುಕು ಒಂದು ಕಡೆ. ಹಾಗೆ ಅಂದುಬಿಡಲಿ ಎಂಬ ಆಸೆ ಇನ್ನೊಂದು ಕಡೆ.

ಮನೆಗೆ ಬಂದು ಮಾತ್ರೆಯ ಜೊತೆ ಬಂದ ತೆಳ್ಳಗಿನ ಕಾಗದ ಬಿಡಿಸಿದಳು. ಇಂಗ್ಲಿಷಿನಲ್ಲಿತ್ತು. ಫೋನಿನಲ್ಲಿ ಫೋಟೋ ಹಿಡಿದು ಕನ್ನಡ ಮಾಡಿಸಿ ಓದಿದಳು. ತಲೆಸುತ್ತು, ಕೈಕಾಲು ತಣ್ಣಗಾಗುವುದು, ಸುಸ್ತು, ಕೆಟ್ಟ ಕನಸು, ಬಡಿತ ತೀರಾ ನಿಧಾನವಾಗುವುದು. ತಲೆಸುತ್ತು ಎಂದು ಓದುವಾಗಲೇ ತಲೆ ಸುತ್ತಿತು, ಕೈ ತಣ್ಣಗಾಯಿತು. ಮಾತ್ರೆ ಇನ್ನೂ ಸ್ಟ್ರಿಪ್ಪಿನಲ್ಲೇ ಇತ್ತು.

ದಿನಾ ಬೆಳಿಗ್ಗೆ ಚಾದ ಲೋಟದ ಪಕ್ಕ ಅದನ್ನು ಇಟ್ಟುಕೊಳ್ಳುತ್ತಿದ್ದಳು. ಇವತ್ತು ಗುಡ್ಡದ ಮೇಲಿನ ಮನೆಗಳಿಗೆ ಒಬ್ಬಳೇ ಹೋಗಬೇಕು, ದಾರಿಯಲ್ಲಿ ಏನಾದರೂ ಆದರೆ? ನಾಳೆ ತಿಂದರಾಯಿತು. ನಾಳೆ ಲಸಿಕೆಯ ದಿನ, ಅಷ್ಟು ಮಕ್ಕಳ ನಡುವೆ ಬವಳಿ ಬಂದು ಬಿದ್ದರೆ? ನಾಡಿದ್ದು ತಿಂದರಾಯಿತು. ಒಂಬತ್ತು ಸಲ ಸರಿ ಇದ್ದ ಹೃದಯವನ್ನು ಮಾತ್ರೆ ಹಾಕಿ ನಿಧಾನ ಮಾಡಿದರೆ ಅದು ನಿಂತೇ ಹೋದೀತಲ್ಲ ಎಂಬುದು ಒಂದು ಯೋಚನೆ. ತಿನ್ನದೆ ಬಿಟ್ಟರೆ ಆ ಎರಡು ಸಲದ ಓಟ ಸ್ಕೂಟರ್ ಮೇಲಿದ್ದಾಗಲೇ ಬಂದರೆ ಎಂಬುದು ಮತ್ತೊಂದು. ಎದೆಯಲ್ಲಿ ಏನೂ ಇಲ್ಲ ಎಂಬ ಹಳೆಯ ಮಾತು ಈಗ ನಾಲಿಗೆಗೆ ಬಂದರೂ ಅರ್ಧಕ್ಕೇ ನಿಲ್ಲುತ್ತಿತ್ತು. ಒಲೆಯ ಮೇಲಿಟ್ಟ ಹಾಲು ಕಾಯುವವರ ಹಾಗೆ ಎದೆಯನ್ನು ಕಾಯ್ದು ಕಾಯ್ದು ಅವಳಿಗೆ ಸಾಕಾಗಿತ್ತು. ಹೆದರುವುದಕ್ಕೂ ತ್ರಾಣ ಬೇಕು. ಅದೂ ಕಡಿಮೆಯಾಗುತ್ತ ಬಂದಿತ್ತು.

ಸೋಮ ಕೊಡೇರಿ ಬಂದರಿನಿಂದ ಮೀನು, ಮಂಜುಗಡ್ಡೆ ಸಾಗಿಸುವವನು. ನಸುಕಿಗೇ ಹೊರಡುವ ಮುಂಚೆ ದಿನಾ ಬಾಗಿಲಲ್ಲಿ ನಿಂತು, "ಮಾತ್ರೆ ತಿಂದ್ಯಾ?" ಎಂದು ಕೇಳುತ್ತಿದ್ದ.

"ತಿಂದೆ" ಎನ್ನುತ್ತಿದ್ದಳು.

ಅವನ ಮುಖ ಸಡಿಲಾಗುವುದನ್ನು ಕಾಣುವಾಗ ಅವಳಿಗೆ ಇನ್ನೂ ಸುಸ್ತಾಗುತ್ತಿತ್ತು.

ಒಂಬತ್ತನೇ ದಿನ ಬಿಪಿ ಮಾತ್ರೆ ಕೊಡಲು ಅಣ್ಣಯ್ಯ ಎಂಬ ಮುದುಕನ ಮನೆಗೆ ಹೋಗುವುದಿತ್ತು. ಅಣ್ಣಯ್ಯ ಎಪ್ಪತ್ತನಾಲ್ಕರ ಬೇಸಾಯಗಾರ. ಈಗ ಗದ್ದೆಯನ್ನು ಮಗ ನೋಡಿಕೊಳ್ಳುತ್ತಿದ್ದ; ಮುದುಕ ಜಗಲಿಯಲ್ಲಿ ಕೂತು ತೆಂಗಿನ ಗರಿ ಸೀಳಿ ಗುಡಿಸುವ ಹಿಡಿಕಡ್ಡಿ ಮಾಡುತ್ತಿದ್ದ. ಬಿಪಿ ಎಷ್ಟು ಮಾತ್ರೆ ಕೊಟ್ಟರೂ ಇಳಿಯದೆ ಸಿಸ್ಟರಿಗೆ ತಲೆಬಿಸಿಯಾಗಿತ್ತು. ಜಲಜ ಮೆಟ್ಟಿಲು ಹತ್ತುತ್ತಿದ್ದಂತೆ ಸೊಸೆ ಚಂದನಾ ಒಳಗಿಂದ ಒಂದು ಎಲೆಯಡಿಕೆ ಡಬ್ಬಿ ತಂದು ಮುಚ್ಚಳ ತೆಗೆದಳು.

"ಕಾಣಿ ಅಕ್ಕಾ. ಇಪ್ಪತ್ತಾರ್ ಮಾತ್ರೆ. ದಿನಾ ತಿಂದೆ ತಿಂದೆ ಅಂತ್ರ್, ಇದ್ರಗೆ ಹಾಕಿ ಇಡ್ತ್ರ್."

ಅಣ್ಣಯ್ಯ ಗರಿ ಸೀಳುತ್ತಲೇ ಇದ್ದ. ಚಂದನಾ ಚಾ ಮಾಡಲು ಒಳಗೆ ಹೋದಳು. ಜಲಜ ಜಗಲಿಯಂಚಿಗೆ ಕೂತಳು. ಬೇರೆ ದಿನವಾದರೆ ಗದರುತ್ತಿದ್ದಳೇನೋ.

"ಬಯ್ಯುಕೆ ಬಂದದ್ದಾ?" ಎಂದ ಮುದುಕ.

"ಬಯ್ಯುಕೆ ಅಲ್ಲ ಅಣ್ಣಯ್ಯ. ಎಂತಕ್ ಹೀಂಗ್ ಮಾಡ್ದ್ರಿ?"

"ನಿನ್ ಹತ್ರ ಒಂದ್ ಕೇಂತೆ. ನಿಂಗೆ ಹೀಂಗೆ ಮಾತ್ರೆ ಕೊಟ್ರೆ ನೀನ್ ತಿಂತ್ಯಾ?"

ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಬೆಳಿಗ್ಗೆಯಷ್ಟೇ ಸೋಮನಿಗೆ ಒಂದು ಸುಳ್ಳು ಹೇಳಿ ಬಂದಿದ್ದಳು. ದಿನಕ್ಕೆ ಎರಡು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಇಲ್ಲೆ" ಎಂದಳು. "ನಂಗೂ ಬರ್ದ್ ಕೊಟ್ಟಿರ್, ಹೃದಯಕ್ಕೆ. ಒಂಬತ್ ದಿನ ಆಯ್ತ್. ಒಂದೂ ತಿನ್ಲಿಲ್ಲೆ."

ಮುದುಕನ ಕೈಯ ಕತ್ತಿ ಗರಿಯ ಮೇಲೆ ನಿಂತಿತು. "ಎಂತಕ್?"

"ಹೆದ್ರಿಕಿ."

"ಮಾತ್ರೆ ಕಂಡಾ?"

"ತಿಂಬುಕೂ ಹೆದ್ರಿಕಿ, ತಿನ್ನದೆ ಇಪ್ಪುಕೂ ಹೆದ್ರಿಕಿ."

ಅವನು ನಗಲಿಲ್ಲ. ಕತ್ತಿ ಬದಿಗಿಟ್ಟು ಹೇಳಿದ: "ನಂದ್ ಹೆದ್ರಿಕಿ ಅಲ್ಲ. ಇದ್ರಗೆ ಒಂದ್ ಮಾತ್ರೆ ಇತ್ತಲ, ಸಂಜಿಗ್ ತಿಂಬುದ್, ಅದನ್ ತಿಂದ್ರೆ ರಾತ್ರಿ ನಾಕ್ ಸಲ ಉಚ್ಚಿಗ್ ಏಳ್ಕ್. ಹೋದ ಮಳೆಗಾಲ್ದಗೆ ಅಂಗ್ಳದಗೆ ಜಾರಿ ಬಿದ್ದೆ. ಸೊಂಟ ಇನ್ನೂ ನೋಯ್ತಿತ್ತ್. ಅದ್ರ ಮೇಲೆ ಬಿಟ್ಟೆ."

"ಹೇಳುಕಾಗ್ದಾ ಅಣ್ಣಯ್ಯ?"

"ಯಾರ್ ಕೇಂಡಿರ್? ನೀನ್ ಬಪ್ಪುದ್, ಮಾತ್ರೆ ಕೊಡುದ್, ತಿಂತ್ರ್ಯಾ ಅಂದೇಳಿ ಕೇಂಬುದ್, ಹೋಪುದ್. ಹ್ಞೂಂ ಅಂದ್ರೆ ನಿಂದೂ ಮುಗೀತ್, ನಂದೂ ಮುಗೀತ್."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಜಲಜ ಫೋನ್ ತೆಗೆದು ಸಿಸ್ಟರಿಗೆ ವಿಷಯ ಹೇಳಿದಳು. ಸಿಸ್ಟರ್ ವೈದ್ಯಾಧಿಕಾರಿಗಳನ್ನು ಕೇಳಿ, ಚಾ ಆರುವುದರೊಳಗೆ ತಿರುಗಿ ಫೋನ್ ಮಾಡಿದಳು. ಸಂಜೆಯದ್ದನ್ನು ಬೆಳಿಗ್ಗೆ ತಿಂದರೆ ಆಯಿತಂತೆ, ಬುಧವಾರ ಬಂದು ಬಿಪಿ ತೋರಿಸಬೇಕಂತೆ. ಅಷ್ಟೇ ಕೆಲಸ. ಅದಕ್ಕಾಗಿ ಒಬ್ಬ ಮನುಷ್ಯ ಬಿದ್ದು ಸೊಂಟ ನೋಯಿಸಿಕೊಂಡು, ತಿಂಗಳುಗಟ್ಟಲೆ ಸುಳ್ಳು ಹೇಳಿಕೊಂಡು ಕೂತಿದ್ದ.

ಅಲ್ಲಿಂದ ಹೊರಟವಳು ಮುಂದಿನ ಮನೆಗೆ ಹೋಗಲಿಲ್ಲ. ಗದ್ದೆಯಂಚಿನ ತೆಂಗಿನ ನೆರಳಿನಲ್ಲಿ ಸ್ಕೂಟರ್ ನಿಲ್ಲಿಸಿ, ಚೀಲದಿಂದ ಸರ್ವೆಯ ಹಳೆಯ ಫಾರಂ ಒಂದನ್ನು ತೆಗೆದು, ಅದರ ಹಿಂಬದಿಯಲ್ಲಿ ತನ್ನ ಪ್ರಶ್ನೆಗಳನ್ನು ಬರೆಯತೊಡಗಿದಳು.

ಮರುದಿನ ಸಿಸ್ಟರಿಗೆ ಹೇಳಿ ರಜೆ ಮಾಡಿ ಕುಂದಾಪುರಕ್ಕೆ ಬಸ್ಸು ಹತ್ತಿದಳು. ಅವಳ ಸರದಿ ಬರುವಾಗ ಎರಡೂವರೆಯಾಗಿತ್ತು. ಡಾಕ್ಟರ್ ಸುಪ್ರೀತಾ ಇನ್ನೂ ಊಟ ಮಾಡಿರಲಿಲ್ಲ; ಮೇಜಿನ ಮೇಲೆ ಟಿಫಿನ್ ಡಬ್ಬಿ ಮುಚ್ಚಿಯೇ ಇತ್ತು. "ತಿಂಗಳು ಆಗಲಿಲ್ಲವಲ್ಲ?" ಎಂದರು.

"ನಾನು ಮಾತ್ರೆ ತಿನ್ನಲಿಲ್ಲ ಮೇಡಂ" ಎಂದು ಜಲಜ ಕಾಗದ ಬಿಡಿಸಿದಳು. ಕಾಗದದಲ್ಲಿ ಮೊದಲು ಬರೆದದ್ದು ಪ್ರಶ್ನೆಯಾಗಿರಲಿಲ್ಲ. ಬೆಂಡೆಕಾಯಿಯ ಅಂಗಡಿ, ಮೂರು ಇಸಿಜಿ, ಮನೋವೈದ್ಯರು, ಉಸಿರು, ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಓದಿದಳು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವೂ ಬರೀ ಹೆದರಿಕೆ ಅಂತ ಕಳಿಸ್ತೀರಿ ಅಂತ."

"ಕಾಗದದಲ್ಲಿ ಕಂಡದ್ದನ್ನು ಹೆದರಿಕೆ ಅನ್ನಲಿಕ್ಕೆ ಆಗುವುದಿಲ್ಲ. ಹೆದರಿಕೆಯ ಕಾಯಿಲೆ ಇದ್ದವರಿಗೆ ಇದು ಬರಬಾರದು ಅಂತಲೂ ಇಲ್ಲ. ನಿಮಗೆ ಎರಡೂ ಉಂಟು."

"ಯಾವಾಗ ಯಾವುದು ಅಂತ ಗೊತ್ತಾಗುವುದು ಹೇಗೆ?"

"ಎಲ್ಲ ಸಲ ಗೊತ್ತಾಗುವುದಿಲ್ಲ. ಮೆಷಿನ್ ಇಲ್ಲದಿದ್ದರೆ ನನಗೂ ಗೊತ್ತಾಗುವುದಿಲ್ಲ."

ಜಲಜ ಕಾಗದ ನೋಡಿದಳು. ಮುಂದಿನ ಪ್ರಶ್ನೆ ಓದಲು ನಾಚಿಕೆಯಾಯಿತು. ಆದರೂ ಓದಿದಳು. "ತಿನ್ನದಿದ್ರೆ ಸಾಯ್ತೇನಾ?"

"ನಿಮ್ಮ ಎಕೋ ಚೆನ್ನಾಗಿದೆ. ಇದು ಹಾಗೆ ಜೀವ ತೆಗೆಯುವ ಜಾತಿಯದ್ದಲ್ಲ. ಆದರೆ ಅಷ್ಟು ಜೋರಾಗಿ ಓಡಿದಾಗ ಕಣ್ಣು ಕತ್ತಲೆ ಬಂದು ಬೀಳಬಹುದು. ನೀವು ಸ್ಕೂಟರ್ ಬಿಡ್ತೀರಿ. ನನಗೆ ಅದೇ ಯೋಚನೆ."

"ತಿಂದ್ರೆ ನಿಂತು ಹೋಗ್ತದಾ?"

"ಉಬ್ಬಸ ಇದೆಯಾ ನಿಮಗೆ?" ಜಲಜ ಇಲ್ಲವೆಂದು ತಲೆ ಅಲ್ಲಾಡಿಸಿದಳು. "ಹಾಗಾದರೆ ನಿಮ್ಮ ಹೃದಯಕ್ಕೆ ಈ ಅಳತೆಯಲ್ಲಿ ಹಾಗಾಗುತ್ತದೆ ಅಂತ ನಾನು ಹೆದರುವುದಿಲ್ಲ. ಸುಸ್ತಾಗಬಹುದು. ಕೈ ತಣ್ಣಗಾಗಬಹುದು. ಅರ್ಧ ಮಾತ್ರೆಯಿಂದ ಶುರು ಮಾಡುವ. ಮನೆಯಲ್ಲಿ ಯಾರಾದರೂ ಜೊತೆಗಿರುವ ದಿನ ತಿನ್ನಿ. ನಾಡಿ ಐವತ್ತಕ್ಕಿಂತ ಕೆಳಗೆ ಬಂದರೆ, ಬವಳಿ ಬಂದರೆ ಫೋನ್ ಮಾಡಿ. ತಿಂದು ನೋಡಿ ಬೇಡ ಅನ್ನಿಸಿದರೆ ಬಂದು ಹಾಗೇ ಹೇಳಿ, ಬೇರೆ ದಾರಿಗಳೂ ಉಂಟು. ಹೇಳದೆ ಮಾತ್ರ ಬಿಡಬೇಡಿ." ಹೆದರಿಕೆಯನ್ನು ಮತ್ತೊಮ್ಮೆ ಮನೋವೈದ್ಯರಿಗೆ ತೋರಿಸಲೂ ಬರೆದುಕೊಟ್ಟರು.

ಹೊರಗೆ ಬಂದವಳಿಗೆ ಹಗುರವೆನಿಸಲಿಲ್ಲ. ತಿನ್ನಲೇಬೇಕು ಎಂದು ಯಾರಾದರೂ ಗದರಿದ್ದರೆ ಸುಲಭವಿತ್ತು. ಬೇಡವೇ ಬೇಡ ಎಂದಿದ್ದರೆ ಇನ್ನೂ ಸುಲಭ. ಈಗ ಎಲ್ಲ ಗೊತ್ತಿದ್ದೂ ತಾನೇ ನಿರ್ಧರಿಸಬೇಕಾಗಿತ್ತು.

ಸಂಜೆ ಸೋಮ ಅಂಗಳದಲ್ಲಿ ಗೂಡ್ಸ್ ಆಟೋಗೆ ಪೈಪಿನಲ್ಲಿ ನೀರು ಬಿಟ್ಟು ಮೀನಿನ ವಾಸನೆ ತೊಳೆಯುತ್ತಿದ್ದ. ಜಲಜ ಮೆಟ್ಟಿಲ ಮೇಲೆ ನಿಂತಳು.

"ಹ್ವಾಯ್, ಒಂದ್ ಹೇಳ್ಕಿತ್ತ್. ನಾನ್ ಆ ಮಾತ್ರೆ ತಿನ್ಲಿಲ್ಲೆ. ಒಂದ್ ದಿನವೂ ತಿನ್ಲಿಲ್ಲೆ."

ಅವನು ಪೈಪು ಹಿಡಿದುಕೊಂಡೇ ತಿರುಗಿದ. ನೀರು ಅವನ ಕಾಲ ಮೇಲೆ ಬೀಳುತ್ತಿತ್ತು. "ಹತ್ ದಿನ ಕೇಂಡೆ. ಹತ್ ದಿನವೂ ತಿಂದೆ ಅಂದೆ."

"ಹೌದ್. ನಿಮ್ಗ್ ಹೇಳಿ ಎಂತಕ್ ಹೆದ್ರ್ಸುದ್ ಅಂದೇಳಿ."

ಸೋಮ ಹೋಗಿ ನಲ್ಲಿ ನಿಲ್ಲಿಸಿ ಬಂದ. "ನಂಗ್ ಹೆದ್ರಿಕಿ ಇಲ್ಲೆ ಅಂದೇಳಿ ಯಾರ್ ಹೇಳ್ದ್ರ್? ಮೂರ್ ಸಲ ನಿನ್ನ ಈ ಗಾಡಿಯಗೆ ಹಾಕಂಡ್ ಹೋಪತಿಗೆ ಕೈ ನಡ್ಗಿ ಗೇರ್ ಬೀಳ್ತಿರ್ಲಿಲ್ಲೆ. ನೀನ್ ಕಣ್ ಮುಚ್ಕಂಡ್ ಇದ್ದಿದೆ, ನಿಂಗ್ ಗೊತ್ತಿಲ್ಲೆ."

ಹನ್ನೊಂದು ವರ್ಷದಲ್ಲಿ ಅವನು ಅದನ್ನು ಹೇಳಿರಲಿಲ್ಲ. ಹೇಳಿದ ಮೇಲೆ ಅವನಿಗೇ ಮುಜುಗರವಾದಂತೆ ಕಂಡಿತು. ಆಟೋದ ಹಿಂಬಾಗಿಲು ಹಾಕಿ, "ಆಯ್ತವಾರ ನಾ ಕೊಡೇರಿಗೆ ಹೋತಿಲ್ಲೆ. ತಿಂಬುದಾರೆ ಅವತ್ ತಿನ್. ಬ್ಯಾಡ ಅಂದ್ರೆ ಬ್ಯಾಡ. ಸುಳ್ ಮಾತ್ರ ಹೇಳ್ಬೇಡ" ಎಂದು ಒಳಗೆ ಹೋದ.

ಆದಿತ್ಯವಾರ ಬೆಳಿಗ್ಗೆ ಗಂಜಿಯಾದ ಮೇಲೆ ಜಲಜ ಸ್ಟ್ರಿಪ್ ಒಡೆದಳು. ಮಾತ್ರೆಯನ್ನು ಅರ್ಧ ಮಾಡಲು ಚಾಕು ಇಟ್ಟು ಒತ್ತಿದರೆ ಅದು ಸಮವಾಗಿ ತುಂಡಾಗದೆ ಒಂದು ದೊಡ್ಡದು, ಒಂದು ಚಿಕ್ಕದು, ಒಂದಿಷ್ಟು ಪುಡಿಯಾಯಿತು. ಯಾವುದು ಅರ್ಧ ಎಂದು ಇಬ್ಬರೂ ಬಗ್ಗಿ ನೋಡಿದರು. ಸೋಮ ಚಿಕ್ಕದನ್ನು ಬೆರಳಲ್ಲಿ ಅವಳ ಕಡೆ ಸರಿಸಿದ. ಸ್ವಲ್ಪ ಹೊತ್ತು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಬೆವರಿಗೆ ಅದು ಅಂಟತೊಡಗಿತು. ಧೈರ್ಯ ಬರಲಿ ಎಂದು ಕಾಯ್ದಳು, ಬರಲಿಲ್ಲ. ಇನ್ನು ಕಾಯುವುದು ಬೇಡ ಎಂಬಷ್ಟು ಬೇಸತ್ತು, ಬಾಯಿಗೆ ಹಾಕಿ ನೀರು ಕುಡಿದಳು.

ಅರ್ಧ ಗಂಟೆಯಲ್ಲಿ ಎದೆ ಓಡತೊಡಗಿತು. ಸೋಮ ಫೋನಿನಲ್ಲಿ ನಿಮಿಷ ಹಿಡಿದ, ಅವಳು ಮಣಿಕಟ್ಟು ಹಿಡಿದು ಎಣಿಸಿದಳು. ನೂರ ಹನ್ನೆರಡು. ಆಸ್ಪತ್ರೆಗೆ ಹೊರಡುವುದಾ ಎಂದು ಅವನು ಕಣ್ಣಲ್ಲೇ ಕೇಳಿದ. ಅವಳು ತಲೆ ಅಲ್ಲಾಡಿಸಿ, ಉಸಿರನ್ನು ಉದ್ದಕ್ಕೆ ಬಿಡುತ್ತ ಕೂತಳು. ಹಳೆಯ ಮಾತು ಪೂರ್ತಿ ಬಾರದ್ದರಿಂದ, ಇದು ಹೆದರಿಕೆ ಇರಬಹುದು, ಇಲ್ಲದೆಯೂ ಇರಬಹುದು, ಎರಡಕ್ಕೂ ಈಗ ಮಾಡಬೇಕಾದದ್ದು ಮಾಡಿ ಆಗಿದೆ ಎಂದಷ್ಟೇ ಹೇಳಿಕೊಂಡಳು. ಇನ್ನೊಂದು ಸಲ ಎಣಿಸಿದಾಗ ತೊಂಬತ್ತು. ಹನ್ನೊಂದು ಗಂಟೆಗೆ ಎಪ್ಪತ್ತಾರು. ಉಸಿರಿನಿಂದ ಇಳಿಯಿತೋ, ಮಾತ್ರೆಯಿಂದಲೋ, ಹೇಳುವವರು ಯಾರೂ ಇರಲಿಲ್ಲ. ಸೋಮ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆಹೋಗಿದ್ದ. ಏನೂ ಆಗದಿದ್ದದ್ದು ಅವಳಿಗೆ ಸಂತೋಷ ತರಲಿಲ್ಲ, ನಿದ್ದೆ ತಂದಿತು. ಜಗಲಿಯ ತಣ್ಣನೆ ನೆಲದ ಮೇಲೆ ಕೈಯನ್ನೇ ದಿಂಬು ಮಾಡಿಕೊಂಡು ಮಧ್ಯಾಹ್ನದವರೆಗೆ ಮಲಗಿದಳು.

ಎಲ್ಲ ಸಲೀಸಾಗಿ ನಡೆಯಿತೆಂದಲ್ಲ. ನಾಲ್ಕನೇ ದಿನ ಬೆರಳು ತಣ್ಣಗಾದದ್ದಕ್ಕೆ ಹೆದರಿ ಒಂದು ಹೊತ್ತು ಬಿಟ್ಟಳು, ಸಂಜೆ ಸೋಮನಿಗೆ ಹೇಳಿದಳು, ಮರುದಿನ ಮತ್ತೆ ತಿಂದಳು. ಗುಡ್ಡದ ಮನೆಗಳಿಗೆ ಹತ್ತುವಾಗ ಕಾಲಿಗೆ ಕಲ್ಲು ಕಟ್ಟಿದ ಹಾಗಾಗಿ ನಡುವೆ ಎರಡು ಕಡೆ ಕೂರಬೇಕಾಯಿತು. ಸ್ಕೂಟರನ್ನು ಸದ್ಯಕ್ಕೆ ಶೆಡ್ಡಿನಲ್ಲೇ ಬಿಟ್ಟಿದ್ದಳು. ಕೆಲಸವೂ ಉದ್ದವಾಯಿತು. ಮಾತ್ರೆ ಕೊಟ್ಟು, ತಿಂದರೆ ಏನು ತೊಂದರೆಯಾಗುತ್ತದೆ ಎಂದು ಕೇಳತೊಡಗಿದ್ದರಿಂದ ಜನ ಹೇಳತೊಡಗಿದರು. ಒಬ್ಬಳಿಗೆ ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ಕಟ್ಟುತ್ತಿತ್ತು, ಇನ್ನೊಬ್ಬಳಿಗೆ ಅತ್ತೆ ತಿನ್ನಲು ಬಿಡುತ್ತಿರಲಿಲ್ಲ. ಮೊದಲು ಎಂಟು ಮನೆ ಮುಗಿಯುತ್ತಿದ್ದ ಹೊತ್ತಿಗೆ ಈಗ ನಾಲ್ಕೇ ಮನೆ ಮುಗಿಯುತ್ತಿದ್ದವು.

ತಿಂಗಳ ಕೊನೆಗೆ ಮತ್ತೆ ಕುಂದಾಪುರಕ್ಕೆ ಹೋದಳು. ಎದೆ ತೀರಾ ಓಡಿದ್ದು ಒಂದೇ ಸಲ, ಹೆದರಿಕೆ ಬಂದದ್ದು ಬಹಳ ಸಲ, ಸುಸ್ತು ದಿನಾ ಎಂದು ಹೇಳಿದಳು. ಡಾಕ್ಟರ್ ನಾಡಿ ನೋಡಿ, ಮಾತ್ರೆ ಜಾಸ್ತಿ ಮಾಡುವುದು ಬೇಡ, ಅರ್ಧವೇ ಇರಲಿ, ಇನ್ನೆರಡು ತಿಂಗಳು ನೋಡುವ ಎಂದರು. ಜಲಜ ಅದಕ್ಕೂ ಒಪ್ಪಿದಳು.

ತಿರುಗಿ ಬರುವಾಗ ಬೈಂದೂರಿನ ಬಸ್ಸಿನಲ್ಲಿ ಸೀಟು ಇರಲಿಲ್ಲ. ಹೆಮ್ಮಾಡಿ ದಾಟಿದ ಮೇಲೆ ಎದೆ ಒಂದು ಸಲ ಮಗುಚಿದ ಹಾಗಾಗಿ, ನಾಲ್ಕೈದು ಬಡಿತ ಬೇಗ ಬೇಗ ಓಡಿ, ಮತ್ತೆ ಹದಕ್ಕೆ ಬಂತು. ಯಾವುದಿದು ಎಂದು ಕೇಳಿಕೊಳ್ಳಲು ಹೊರಟವಳು ಅಲ್ಲಿಗೇ ಬಿಟ್ಟಳು. ಕಾಲು ಸೋತಿತ್ತು. ಕಂಡಕ್ಟರ್ ಒಳಗೆ ಹೋಗಿ ಎಂದು ಕೂಗುತ್ತಿದ್ದ. ತಣ್ಣಗಿನ ಬೆರಳುಗಳಿಂದ ಮೇಲಿನ ಕಂಬಿ ಹಿಡಿದುಕೊಂಡು ಅವಳು ಬಿಜೂರಿನವರೆಗೂ ನಿಂತೇ ಬಂದಳು.